ತೀಕ್ಷ್ಣಗೊಳಿಸಿದ ಚಿತ್ರವೂ ಎಲುಬಿನ ಬಿರುಕೂ

ಚಾಕಣದ ಸಂಗ್ರಾಮದುರ್ಗ ಗಿರಿದುರ್ಗವಲ್ಲ, ನೆಲಗೋಟೆ. 1660ರಲ್ಲಿ ಶಾಯಿಸ್ತಾಖಾನನ ಮುತ್ತಿಗೆಯನ್ನು ಎದುರಿಸಿದ ಅದರ ಗೋಡೆಗಳಲ್ಲಿ ಇಂದು ಅಲ್ಪಭಾಗ ಮಾತ್ರ ಉಳಿದಿದೆ. ಅಲ್ಲಿ ಮೊಬೈಲಿನಿಂದ ತೆಗೆದ ಮಸುಕಾದ ಚಿತ್ರವೊಂದನ್ನು ತಂತ್ರಾಂಶದಲ್ಲಿ ತೀಕ್ಷ್ಣಗೊಳಿಸಿದರೆ ಕಲ್ಲುಗಳ ಸಂದುಗಳು ಎದ್ದು ತೋರುತ್ತವೆ. ಮಿತಿಮೀರಿದರೆ ಗೋಡೆಯಂಚಿನುದ್ದಕ್ಕೂ ಆಕಾಶದಲ್ಲಿ ಬಿಳಿಯ ಗೆರೆಯೊಂದು ಮೂಡುತ್ತದೆ. ಕೋಟೆಯ ಚಿತ್ರಕ್ಕೆ ಅದರಿಂದ ಹಾನಿಯೇನಿಲ್ಲ. ಆದರೆ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿದ ಬೆರಳಿನ ಕ್ಷ-ಕಿರಣ ಚಿತ್ರವನ್ನು ಹೀಗೆಯೇ ‘ಸ್ಪಷ್ಟ’ಗೊಳಿಸಿ, ಕಲಬುರಗಿಯಲ್ಲೋ ವಿಜಯಪುರದಲ್ಲೋ ಇರುವ ಪರಿಚಿತ ವೈದ್ಯರಿಗೆ ಕಳುಹಿಸಿದರೆ ಅಂತಹ ಗೆರೆಗೆ ಬೇರೆಯೇ ಅರ್ಥ ಬರಬಹುದು.

ಈ ಗೆರೆ ಹುಟ್ಟುವ ಬಗೆ ಸರಳವಾದುದು. ಚಿತ್ರವೆಂಬುದು ಬೆಳಕಿನ ಪ್ರಮಾಣವನ್ನು ಸೂಚಿಸುವ ಅಂಕಿಗಳ ಸಾಲು. ಗೋಡೆಯ ಎರಡು ಬಿಂದುಗಳು 100, 100. ಪಕ್ಕದ ಆಕಾಶದವು 160, 160 ಎಂದಿರಲಿ. ತಂತ್ರಾಂಶವು ಪ್ರತಿ ಬಿಂದುವನ್ನೂ ಅದರ ನೆರೆಯವುಗಳೊಡನೆ ಕೂಡಿಸಿ ಸರಾಸರಿ ತೆಗೆದರೆ 100, 120, 140, 160 ಎಂಬ ಮಸುಕು ಪ್ರತಿ ಸಿದ್ಧವಾಗುತ್ತದೆ. ಮೂಲದಿಂದ ಇದನ್ನು ಕಳೆದು, ಬಂದ ವ್ಯತ್ಯಾಸವನ್ನು ಮತ್ತೆ ಮೂಲಕ್ಕೆ ಕೂಡಿಸಿದಾಗ ದೊರೆಯುವುದು 100, 80, 180, 160. ಈ 80 ಗೋಡೆಯಲ್ಲಿರಲಿಲ್ಲ, 180 ಆಕಾಶದಲ್ಲಿರಲಿಲ್ಲ. ಅಂಚು ಹರಿತವಾದಂತೆ ಕಂಡಿತೇ ಹೊರತು ಹೊಸ ಮಾಹಿತಿ ಒಂದಿನಿತೂ ಸೇರಲಿಲ್ಲ. ‘ಅನ್‌ಶಾರ್ಪ್ ಮಾಸ್ಕ್’, ಅಂದರೆ ಮಸುಕಾದ ಮುಸುಕು, ಎಂಬ ವಿಚಿತ್ರ ಹೆಸರು ಗಣಕಯಂತ್ರಕ್ಕಿಂತ ಹಳೆಯದು. ಕತ್ತಲೆಕೋಣೆಯಲ್ಲಿ ನೆಗೆಟಿವ್‌ನೊಡನೆ ಅದರದೇ ಮಸುಕು ಪಾಸಿಟಿವ್ ಪ್ರತಿಯನ್ನು ಜೋಡಿಸಿ ಮುದ್ರಿಸುತ್ತಿದ್ದ ಕಾಲದ್ದು.

ಕುತೂಹಲದ ಸಂಗತಿಯೆಂದರೆ, ನಮ್ಮ ಕಣ್ಣೂ ಇದೇ ಕೆಲಸವನ್ನು ಮಾಡುತ್ತದೆ. ಬೆಳಕು-ನೆರಳುಗಳ ಗಡಿಯಲ್ಲಿ ಇಲ್ಲದ ಪಟ್ಟಿಗಳು ಕಾಣುವುದನ್ನು ಅರ್ನ್ಸ್ಟ್ ಮಾಕ್ 1865ರಲ್ಲಿ ವಿವರಿಸಿದನು. ಅಕ್ಷಿಪಟಲದ ಕೋಶಗಳು ತಮ್ಮ ನೆರೆಯ ಕೋಶಗಳ ಸಂಕೇತವನ್ನು ತಗ್ಗಿಸುವುದೇ ಇದಕ್ಕೆ ಮುಖ್ಯ ಕಾರಣವೆನ್ನಲಾಗುತ್ತದೆ. ಕುದುರೆಲಾಳ ಏಡಿಯ ಕಣ್ಣಿನಲ್ಲಿ ಇಂತಹ ಕ್ರಿಯೆಯನ್ನು ತೋರಿಸಿಕೊಟ್ಟ ಹಾರ್ಟ್‌ಲೈನ್ 1967ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು. ಕತ್ತಿನ ಎರಡನೆಯ ಕಶೇರುವಿನ ದಂತಾಕಾರದ ಚಾಚಿನ ಬುಡದಲ್ಲಿ ಮಾಕ್ ಪಟ್ಟಿಯು ಎಲುಬು ಮುರಿದಂತೆ ತೋರಿ ಮೋಸಗೊಳಿಸುವುದನ್ನು ಕ್ಷ-ಕಿರಣತಜ್ಞರು ಬಲ್ಲರು. ಯಂತ್ರವೇ ಅತಿಯಾಗಿ ತೀಕ್ಷ್ಣಗೊಳಿಸಿದಾಗ ಕೃತಕ ಕೀಲಿನ ಲೋಹದ ಸುತ್ತ ಕಪ್ಪು ಪಟ್ಟಿ ಮೂಡಿ, ಕೀಲು ಸಡಿಲಗೊಂಡಿದೆಯೆಂಬ ಸಂದೇಹಕ್ಕೆ ಎಡೆಗೊಡುವುದೂ ಉಂಟು.

ಇಷ್ಟಾಗಿ, ಆಸ್ಪತ್ರೆಯ ಯಂತ್ರದಲ್ಲಿ ತೀಕ್ಷ್ಣತೆಯ ಪ್ರಮಾಣವನ್ನು ಬಲ್ಲವರು ನಿಗದಿಪಡಿಸಿರುತ್ತಾರೆ. ಮೊಬೈಲು ಅದರ ಮೇಲೆ ತನ್ನದೊಂದು ಪದರವನ್ನು ಕೇಳದೆಯೇ ಸೇರಿಸುತ್ತದೆ, ಬಳಸುವವನು ಮತ್ತೊಂದನ್ನು. ಕೃತಕ ಬುದ್ಧಿಮತ್ತೆಯ ಹೊಸ ತಂತ್ರಾಂಶಗಳಂತೂ ಇಲ್ಲದ ವಿವರವನ್ನು ಊಹಿಸಿ ತುಂಬುವುದರಿಂದ ಅವು ಇನ್ನೂ ಅಪಾಯಕರ. ಇದಕ್ಕೆ ವಿರುದ್ಧವಾಗಿ, ಕೂದಲೆಳೆಯಂತಹ ನಿಜವಾದ ಬಿರುಕು ಮಸುಕಿನಲ್ಲಿ ಒಮ್ಮೆ ಅಳಿದುಹೋದರೆ ಯಾವ ತೀಕ್ಷ್ಣತೆಯೂ ಅದನ್ನು ಮರಳಿ ತರಲಾರದು.

ಆದುದರಿಂದ ಆಸ್ಪತ್ರೆಯಿಂದ ಮೂಲ ‘ಡೈಕಾಮ್’ ಕಡತವನ್ನೇ ಕೇಳಿ ಪಡೆಯುವುದು ಉತ್ತಮ. ಫಿಲ್ಮು ಮಾತ್ರ ದೊರೆತರೆ ಅದನ್ನು ಸಮನಾದ ಬಿಳಿ ಬೆಳಕಿನ ಮುಂದೆ ಹಿಡಿದು, ಫ್ಲಾಶ್ ಆರಿಸಿ, ನೇರವಾಗಿ ನಿಂತು ಚಿತ್ರ ತೆಗೆಯಬೇಕು. ಕೈ ನಡುಗಿದ್ದರೆ ತಿದ್ದುವ ಬದಲು ಮತ್ತೊಮ್ಮೆ ತೆಗೆಯುವುದು ಲೇಸು. ವಾಟ್ಸಾಪ್‌ನಲ್ಲಿ ಕಳುಹಿಸುವಾಗ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಿದರೆ ಇದ್ದಂತೆಯೇ ತಲಪುತ್ತದೆ. ಊತ, ಮರಗಟ್ಟುವಿಕೆ, ಬೆರಳು ಬಾಗದಿರುವಿಕೆ ಇವುಗಳಿದ್ದಲ್ಲಿ ಊರಿನಿಂದ ಉತ್ತರ ಬರುವವರೆಗೆ ಕಾಯದೆ ಹತ್ತಿರದ ವೈದ್ಯರಿಗೆ ಕೈಯನ್ನೇ ತೋರಿಸಬೇಕು.