ಸಕ್ಕರ್ ಮೀನು ತೊಟ್ಟಿ ತೊಳೆಯುವುದಿಲ್ಲ

ಮನೆಗೆ ಎರಡಡಿಯ ಗಾಜಿನ ತೊಟ್ಟಿ ತಂದವರಿಗೆ ಅಂಗಡಿಯವರು ಹೇಳುವ ಮಾತೊಂದಿದೆ: ‘ಒಂದು ಸಕ್ಕರ್ ಹಾಕ್ಕೊಳ್ಳಿ ಸಾರ್, ಪಾಚಿಯೆಲ್ಲ ಅದೇ ತಿನ್ಕೊಳುತ್ತೆ.’ ಎರಡಿಂಚಿನ ಕಂದು ಮೀನು ಗಾಜಿಗೆ ಬಾಯಿ ಅಂಟಿಸಿಕೊಂಡು ನಿಂತಿರುತ್ತದೆ, ಬೆಲೆಯೂ ಕಡಿಮೆ. ನಂಬಿ ತಂದವರ ತೊಟ್ಟಿಯಲ್ಲಿ ಪಾಚಿ ಮಾತ್ರ ಹೋಗುವುದಿಲ್ಲ. ಕಾರಣ ಮೀನಿನ ಸೋಮಾರಿತನವಲ್ಲ, ನೀರಿನ ರಸಾಯನಶಾಸ್ತ್ರ.

ಪಾಚಿ ಬೆಳೆಯಲು ಬೆಳಕು ಬೇಕು, ಗೊಬ್ಬರ ಬೇಕು. ಬೆಳಕನ್ನು ನಾವು ಕೊಡುತ್ತೇವೆ, ಗೊಬ್ಬರವನ್ನು ಮೀನೇ ಕೊಡುತ್ತದೆ. ತಿಂದ ಆಹಾರದಲ್ಲಿದ್ದ ಸಾರಜನಕದ ಹೆಚ್ಚಿನ ಪಾಲನ್ನು ಮೀನು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಫಿಲ್ಟರಿನ ಸ್ಪಂಜು, ತಳದ ಕಲ್ಲು, ಗಾಜು ಎಲ್ಲೆಡೆ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಆದರೆ ಪಾಚಿಗೆ ಅದೇ ಊಟ. ಈ ಕೆಲಸದ ಎರಡನೇ ಹಂತವನ್ನು ಮಾಡುವುದು ನೈಟ್ರೊಬ್ಯಾಕ್ಟರ್ ಎಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. 1998ರಲ್ಲಿ ಅಮೆರಿಕದ ಟಿಮೊಥಿ ಹೊವಾನೆಕ್ ಮತ್ತು ಸಂಗಡಿಗರು ಸಿಹಿನೀರಿನ ತೊಟ್ಟಿಗಳಲ್ಲಿ ಹುಡುಕಿದಾಗ ಸಿಕ್ಕಿದ್ದು ನೈಟ್ರೊಸ್ಪೈರಾ. 2015ರಲ್ಲಿ ಇನ್ನೊಂದು ಅಚ್ಚರಿ: ಎರಡೂ ಹಂತಗಳನ್ನು ಒಂಟಿಯಾಗಿ ಪೂರೈಸುವ ನೈಟ್ರೊಸ್ಪೈರಾಗಳಿವೆ ಎಂಬುದು ಗೊತ್ತಾಯಿತು, ಇದನ್ನು ಕಂಡುಕೊಂಡ ತಂಡಗಳಲ್ಲಿ ಒಂದಕ್ಕೆ ಅವು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲೇ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು ಎನ್ನುವುದು ಇದಕ್ಕೇ.

ಈಗ ಸಕ್ಕರಿನ ಲೆಕ್ಕ ನೋಡಿ. ಅದು ಪಾಚಿ ತಿನ್ನುತ್ತದೆ ಎಂದೇ ಇಟ್ಟುಕೊಳ್ಳೋಣ. ತಿಂದದ್ದು ಮತ್ತೆ ಅಮೋನಿಯಾ ಆಗಿ, ಹಿಕ್ಕೆಯಾಗಿ ಅದೇ ನೀರಿಗೆ ಬೀಳುತ್ತದೆ. ಪಾಚಿಯ ಗೊಬ್ಬರ ತೊಟ್ಟಿ ಬಿಟ್ಟು ಹೊರಗೆ ಹೋಗಲು ದೊಡ್ಡ ದಾರಿಗಳು ಎರಡೇ: ನಾವು ನೀರು ಬದಲಿಸುವುದು, ಗಿಡಗಳು ಹೀರಿಕೊಂಡು ಬೆಳೆದಾಗ ಕತ್ತರಿಸಿ ತೆಗೆಯುವುದು. ಹಾಗಾಗಿ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ದೀಪವನ್ನು ದಿನಕ್ಕೆ ಆರೇಳು ಗಂಟೆಗಿಂತ ಹೆಚ್ಚು ಉರಿಸಬೇಡಿ, ಕಿಟಕಿಯ ಬಿಸಿಲು ಬೀಳುವಲ್ಲಿ ತೊಟ್ಟಿ ಇಡಬೇಡಿ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟೇ ಆಹಾರ ಹಾಕಿ. ಇದಾದ ಮೇಲೂ ಉಳಿಯುವ ಪಾಚಿ ಸಾಮಾನ್ಯವಾಗಿ ಅಲ್ಪವೇ.

ಎಲ್ಲ ಪಾಚಿಯೂ ಒಂದೇ ಅಲ್ಲ. ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಪುಡಿ ಡಯಾಟಮ್, ಸಿಲಿಕಾದ ಚಿಪ್ಪುಳ್ಳದ್ದು. ಕೆಲವು ವಾರಗಳಲ್ಲಿ ಬಹುತೇಕ ತಾನಾಗಿಯೇ ಹಿಂದೆ ಸರಿಯುತ್ತದೆ. ಎಲೆಯಂಚಿನ ಕಪ್ಪು ಕುಂಚದಂಥದ್ದು ಬಣ್ಣ ಏನೇ ಇರಲಿ, ಕುಲದಲ್ಲಿ ಕೆಂಪು ಪಾಚಿ. ನೀಲಿ-ಹಸಿರು ಲೋಳೆಯ ಹಾಳೆ, ಮುಗ್ಗಲು ವಾಸನೆ ಇದ್ದರೆ ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಪಾಚಿ ತಿನ್ನುವ ಮೀನುಗಳು ಅದರ ಹತ್ತಿರ ಸುಳಿಯುವುದಿಲ್ಲ. ಪೈಪಿನಿಂದ ಎಳೆದು ತೆಗೆಯಬೇಕು.

ಉಳಿದ ಪಾಚಿಗೆ ನನ್ನ ಮೊದಲ ಆಯ್ಕೆ ನೆರೈಟ್ ಬಸವನಹುಳು. ಹಸಿರು ಕಟ್ಟಿದ ಗಾಜಿನ ಮೇಲೆ ಅದು ಹರಿದುಹೋದ ಮೇಲೆ ಹತ್ತಿರದಿಂದ ನೋಡಿ: ಎಡಕ್ಕೂ ಬಲಕ್ಕೂ ತಲೆ ಆಡಿಸುತ್ತ ಕೆರೆದ ಅಂಕುಡೊಂಕು ಗೆರೆಗಳು ಸ್ಪಷ್ಟವಾಗಿ ಉಳಿದಿರುತ್ತವೆ. ಅದರ ಬಾಯೊಳಗಿನ ರಾಡುಲಾ ಎಂಬ ಪಟ್ಟಿಯಲ್ಲಿ ಸೂಕ್ಷ್ಮ ಹಲ್ಲುಗಳು ಸಾಲುಗಟ್ಟಿವೆ, ಒಂದೊಂದು ಗೆರೆಯೂ ಅವುಗಳ ಒಂದೊಂದು ಎಳೆತ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಇದರ ಚಿಪ್ಪಿಗೆ ಒಳ್ಳೆಯದು. ಗಾಜಿನ ಮೇಲೆ, ಕಲ್ಲಿನ ಮೇಲೆ ಎಳ್ಳಿನ ಗಾತ್ರದ ಬಿಳಿ ಮೊಟ್ಟೆ ಅಂಟಿಸುತ್ತದೆ ಎಂಬುದೊಂದೇ ಕಿರಿಕಿರಿ. ಮರಿಗಳಿಗೆ ಉಪ್ಪುಮಿಶ್ರಿತ ನೀರು ಬೇಕಾದ್ದರಿಂದ ಸಂತತಿ ಹೆಚ್ಚುವ ಭಯವಿಲ್ಲ. ತೊಟ್ಟಿಗೆ ಮುಚ್ಚಳ ಬೇಕು, ಹತ್ತಿ ಹೊರಗೆ ಬೀಳುತ್ತದೆ. ಮೀನಿನ ಔಷಧಿಯಲ್ಲಿ ತಾಮ್ರ ಇದ್ದರೆ ಹುಳುವೂ ಸಿಗಡಿಯೂ ಸಾಯುತ್ತವೆ.

ನೂಲಿನಂಥ ಪಾಚಿಗೆ ಅಮಾನೊ ಸಿಗಡಿ. ಜಪಾನಿನ ತೊಟ್ಟಿ ವಿನ್ಯಾಸಕಾರ ತಕಾಶಿ ಅಮಾನೊ ಇದನ್ನು 1980ರ ದಶಕದಲ್ಲಿ ಜನಪ್ರಿಯಗೊಳಿಸಿದರು. ಆಟೊಸಿಂಕ್ಲಸ್ ಎಂಬ ಪುಟ್ಟ ಮೀನೂ ಒಳ್ಳೆಯದೇ, ಒಂದೂವರೆ-ಎರಡಿಂಚಿಗಿಂತ ಬೆಳೆಯುವುದಿಲ್ಲ. ಆದರೆ ಹೊಸ, ಶುಭ್ರ ತೊಟ್ಟಿಗೆ ತಂದರೆ ಹಸಿದು ಸಾಯುತ್ತದೆ. ಕೆಲವು ತಿಂಗಳು ಹಳತಾದ ತೊಟ್ಟಿಗೆ ಗುಂಪಾಗಿ ತನ್ನಿ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತುಂಬ ಹಿಡಿಸುವುದು ಸುಮಾರು 57 ಲೀಟರ್. ಅದರೊಳಗೆ ಗಂಡು ಗಪ್ಪಿಗಳ ಪುಟ್ಟ ಗುಂಪು, ಇಲ್ಲವೇ ಒಂದೇ ಫೈಟರ್ ಮೀನು ಸುಖವಾಗಿರಬಲ್ಲವು. ಗೋಲ್ಡ್ ಫಿಶ್ ಬೇಡ, ಅದು ದೊಡ್ಡದಾಗುತ್ತದೆ, ನೀರನ್ನೂ ಬೇಗ ಕೆಡಿಸುತ್ತದೆ.

ಸಕ್ಕರ್ ಅಂತೂ ಬೇಡವೇ ಬೇಡ. ಅಂಗಡಿಯ ಈ ಮೀನು ಸಾಮಾನ್ಯವಾಗಿ ದಕ್ಷಿಣ ಅಮೆರಿಕದ ಟೆರಿಗೊಪ್ಲಿಕ್ತಿಸ್ ಕುಲದ್ದು, ಒಂದಡಿ ದಾಟಿ ಬೆಳೆಯುತ್ತದೆ. ತೊಟ್ಟಿಗೆ ಹಿಡಿಸದಾದಾಗ ಜನ ಕೆರೆಗೆ ಬಿಡುತ್ತಾರೆ. ಮೈಯೆಲ್ಲ ಮೂಳೆಯ ಫಲಕ, ಗಡುಸಾದ ಮುಳ್ಳು. ಬಲೆಗೆ ಬಿದ್ದರೆ ಬಲೆ ಹರಿಯುತ್ತದೆ. ಗಾಳಿ ನುಂಗಿ ಹೊಟ್ಟೆಯಲ್ಲೇ ಆಮ್ಲಜನಕ ಹೀರುವುದರಿಂದ ಕೊಳೆತ ನೀರಿನಲ್ಲೂ ಬದುಕುತ್ತದೆ. ದಡದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ, ದಡ ಕುಸಿಯುತ್ತದೆ. ಭಾರತದ ಹಲವು ನದಿ, ಕೆರೆಗಳಲ್ಲಿ ಇದು ಈಗಾಗಲೇ ಬೀಡುಬಿಟ್ಟಿದೆ. ನಿಮ್ಮ ಮನೆಯ ತೊಟ್ಟಿಯಲ್ಲಿ ಒಂದು ಇದ್ದು, ಸಾಕಲಾಗದಿದ್ದರೆ ಅಂಗಡಿಗೆ ವಾಪಸು ಕೊಡಿ, ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ.