ನಿಲುವಂಗಿಯ ಅಂಚು

ಮೃತ ಸಮುದ್ರದ ಪಡುದಡದಲ್ಲಿ ಏಂಗೆದಿ ಎಂಬ ಜಾಗವಿದೆ. ಹೆಸರಿನ ಅರ್ಥ ‘ಆಡುಮರಿಯ ಬುಗ್ಗೆ’. ಸುತ್ತ ಬೋಳು ಬಂಡೆ, ನಡುವೆ ನೀರಿನ ಆಸರೆಗೆ ಒಂದಿಷ್ಟು ಹಸಿರು, ಬಂಡೆಗಳಲ್ಲಿ ಗವಿಗಳು. ಇಸ್ರೇಲಿನ ಅರಸ ಸೌಲ 3000 ಆಳುಗಳನ್ನು ಕಟ್ಟಿಕೊಂಡು ದಾವೀದನನ್ನು ಹುಡುಕುತ್ತ ಬಂದದ್ದು ಇಲ್ಲಿಗೇ ಎನ್ನುತ್ತದೆ ಬೈಬಲಿನ ಮೊದಲನೆಯ ಸಮುವೇಲ ಗ್ರಂಥ.

ದಾವೀದ ಸೌಲನ ಅಳಿಯ, ಅವನಿಗಾಗಿ ಯುದ್ಧ ಗೆದ್ದವನು. ಅವನ ಮೇಲೆ ಬಂದ ದೂರು ರಾಜದ್ರೋಹದ್ದು. ಮೊದಲೇ ಹೊಟ್ಟೆಕಿಚ್ಚಿನಿಂದ ಬೇಯುತ್ತಿದ್ದ ಅರಸನ ಕಿವಿಗೆ ಚಾಡಿ ಬಲು ಬೇಗ ಹತ್ತಿತು. ಆ ಚಾಡಿ ಹೇಳಿದವನು ಎದೋಮ್ಯನಾದ ದೋಯೇಗ; ಅವನು ಹೇಳಿದ್ದು ಪೂರಾ ಸುಳ್ಳೂ ಆಗಿರಲಿಲ್ಲ. ನೋಬ್ ಊರಿನ ಯಾಜಕ ದಾವೀದನಿಗೆ ರೊಟ್ಟಿ ಕೊಟ್ಟದ್ದು ನಿಜ, ಕತ್ತಿ ಕೊಟ್ಟದ್ದೂ ನಿಜ. ಆದರೆ ದಾವೀದ ಅರಸನ ಕೆಲಸದ ಮೇಲೆ ಬಂದಿದ್ದಾನೆಂದು ನಂಬಿ ಆ ಯಾಜಕ ಕೊಟ್ಟಿದ್ದ. ಅಷ್ಟನ್ನು ಬಿಟ್ಟು ಹೇಳಿದ್ದಕ್ಕೆ 85 ಯಾಜಕರ ತಲೆ ಉರುಳಿತು. ಅರೆನಿಜದ ಚಾಡಿಗೆ ಎಂಥ ಹಲ್ಲಿದೆಯೆಂಬುದು ಓದಿದಾಗಲೆಲ್ಲ ನನ್ನನ್ನು ನಡುಗಿಸುತ್ತದೆ.

ಏಂಗೆದಿಯಲ್ಲಿ ಸೌಲ ಬಹಿರ್ದೆಸೆಗೆಂದು ಒಬ್ಬನೇ ಒಂದು ಗವಿಯೊಳಗೆ ಹೋದ. ಅದರ ಒಳಮೂಲೆಯಲ್ಲೇ ದಾವೀದನೂ ಅವನ ಜನರೂ ಅಡಗಿದ್ದರು. ‘ದೇವರೇ ಹಗೆಯನ್ನು ಕೈಗೆ ಕೊಟ್ಟಿದ್ದಾನೆ, ಮುಗಿಸಿಬಿಡು’ ಎಂದು ಜೊತೆಯವರು ಪಿಸುಗುಟ್ಟಿದರು. ದಾವೀದ ಸದ್ದಿಲ್ಲದೆ ಹೋಗಿ ಅರಸನ ನಿಲುವಂಗಿಯ ಅಂಚನ್ನು ಕತ್ತರಿಸಿಕೊಂಡ. ಅಷ್ಟಕ್ಕೇ ಅವನ ಮನಸ್ಸು ಚುಚ್ಚಿತಂತೆ. ದೇವರು ಅಭಿಷೇಕ ಮಾಡಿದವನ ಮೇಲೆ ಕೈಯೆತ್ತಬಾರದೆಂದು ತನ್ನವರನ್ನು ತಡೆದ.

ಸೌಲ ಹೊರಬಿದ್ದ ಮೇಲೆ ದಾವೀದ ಹಿಂದಿನಿಂದ ಕೂಗಿ ಕರೆದು ಆ ತುಂಡನ್ನು ತೋರಿಸಿದ. ನಾನು ನಿಮಗೆ ಕೇಡು ಬಗೆಯುತ್ತೇನೆಂದು ಜನ ಹೇಳುವ ಮಾತಿಗೆ ಏಕೆ ಕಿವಿಗೊಡುತ್ತೀರಿ ಎಂದು ಕೇಳಿದ. ನಮ್ಮಿಬ್ಬರ ನಡುವಿನ ನ್ಯಾಯವನ್ನು ದೇವರೇ ತೀರಿಸಲಿ, ನನ್ನ ಕೈಯಂತೂ ನಿಮ್ಮ ಮೇಲೆ ಏಳದು ಎಂದ.

‘ದೇವರ ಮೇಲೆ ಭಾರ ಹಾಕು’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹಾಗೆ ಭಾರ ಹಾಕಿದವನ ಕೈಯಲ್ಲಿ ಇಲ್ಲಿ ಸಾಕ್ಷಿಯ ಬಟ್ಟೆತುಂಡಿದೆ. ಬೈಬಲಿನ 150 ಕೀರ್ತನೆಗಳಲ್ಲಿ ಏಳನೆಯದನ್ನು ನೋಡಿದರೆ ಇನ್ನೂ ಒಂದು ಹೆಜ್ಜೆ ಒಳಕ್ಕೆ ಹೋಗುತ್ತೇವೆ. ಬೆನ್ಯಾಮೀನ್ ಕುಲದ ಕೂಷನ ವಿಷಯವಾಗಿ ದಾವೀದ ಹಾಡಿದ್ದೆಂದು ಅದರ ತಲೆಬರಹ ಹೇಳುತ್ತದೆ. ಸೌಲನೂ ಅದೇ ಕುಲದವನು. ಹಾಡುವವನು ದೇವರಲ್ಲಿ ಆಸರೆ ಬೇಡಿದ ಮೇಲೆ, ಶತ್ರುವಿಗೆ ಶಿಕ್ಷೆ ಕೇಳುವ ಮುಂಚೆ, ತನ್ನನ್ನೇ ಕಟಕಟೆಗೆ ನಿಲ್ಲಿಸಿಕೊಳ್ಳುತ್ತಾನೆ. ನನ್ನಲ್ಲಿ ತಪ್ಪಿದ್ದರೆ ಹಗೆ ನನ್ನನ್ನು ಹಿಡಿದು ತುಳಿಯಲಿ ಎಂಬ ಅರ್ಥದ ಆಣೆ ಅದು. ಮುಂದೆ ಅವನ ಮಗ ಸೊಲೊಮೋನ ಯೆರೂಸಲೇಮಿನ ದೇವಾಲಯದಲ್ಲಿ ಮಾಡಿದ ಪ್ರಾರ್ಥನೆಯಲ್ಲೂ ಬಲಿಪೀಠದ ಮುಂದೆ ಆಣೆಯಿಡುವವರ ಮಾತು ಬರುತ್ತದೆ: ತಪ್ಪಿತಸ್ಥ ಯಾರು, ನಿರಪರಾಧಿ ಯಾರು ಎಂದು ನೀನೇ ತೀರ್ಪು ಕೊಡು ಎಂದು ಅವನು ದೇವರನ್ನು ಕೇಳಿಕೊಳ್ಳುತ್ತಾನೆ. ‘ಬಾ, ಧರ್ಮಸ್ಥಳದಲ್ಲಿ ಆಣೆ ಮಾಡು’ ಎನ್ನುವ ನಮ್ಮ ಜನಕ್ಕೆ ಆ ಪೀಠದ ಮುಂದೆ ನಿಂತವನ ಎದೆಬಡಿತ ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆತುಂಡನ್ನು ಕಂಡು ಸೌಲ ಗಟ್ಟಿಯಾಗಿ ಅತ್ತ. ನೀನು ನನಗಿಂತ ನೀತಿವಂತ ಎಂದು ಒಪ್ಪಿಕೊಂಡು ಮನೆಗೆ ಹೊರಟ. ದಾವೀದ ಅವನ ಹಿಂದೆ ಹೋಗಲಿಲ್ಲ, ತನ್ನವರನ್ನು ಕರೆದುಕೊಂಡು ಮತ್ತೆ ದುರ್ಗ ಹತ್ತಿದ. ಸೌಲ ಇನ್ನೊಮ್ಮೆ ಬಂದ, ಆಗಲೂ ಜೊತೆಗೆ 3000 ಆಳುಗಳಿದ್ದರು.