ಒಲೆಯ ಸುತ್ತ ಒಂದಿಷ್ಟು ಬಯಲು

ಧಾರವಾಡ, ವಿಜಯಪುರ, ಉಡುಪಿ, ಹಾಸನ ಮೊದಲಾದ ಕಡೆಗಳಿಂದ ಉದ್ಯೋಗ ನಿಮಿತ್ತ ಪುಣೆಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳ ಹಿರಿಯರಿಗೆ ಊರಿನ ಅಡುಗೆಮನೆಯ ನೆನಪು ಇನ್ನೂ ಮಾಸಿರಲಾರದು. ನೆಲದ ಮೇಲೆ ಮಣ್ಣಿನ ಒಲೆ, ಮೇಲ್ಗಡೆ ಹೊಗೆ ಹೋಗಲು ಬೆಳಕಿಂಡಿ, ಸುತ್ತ ನಾಲ್ವರು ಕುಳಿತು ಉಣ್ಣುವಷ್ಟು ಬಯಲು. ಆ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಹಾನಿಕರವಾಗಿತ್ತೆಂಬುದು ನಿಜ. ಆದರೆ ಒಲೆಗೆ ತಾಗಿದಂತೆ ಮರದ ಕಪಾಟಾಗಲಿ ಕಿಟಕಿಯ ಪರದೆಯಾಗಲಿ ಅಲ್ಲಿ ಇರುತ್ತಿರಲಿಲ್ಲ.

1955ರಲ್ಲಿ ಬರ್ಮಾ ಷೆಲ್ ಕಂಪನಿ ಮುಂಬಯಿಯಲ್ಲಿ ಅಡುಗೆ ಅನಿಲದ ಮಾರಾಟ ಆರಂಭಿಸಿದ ಬಳಿಕ ಕ್ರಮೇಣ ನಗರದ ಗೃಹಿಣಿ ಹೊಗೆಯಿಂದ ಮುಕ್ತಳಾದಳು. ಆದರೆ ಒಲೆ ನೆಲದಿಂದ ಕಟ್ಟೆಗೇರಿದಂತೆ ಅದರ ಸುತ್ತಲಿನ ಬಯಲು ಮಾಯವಾಗತೊಡಗಿತು. ಇಂದು ಕೋಥರೂಡ, ಹಡಪ್ಸರ, ಪಿಂಪರಿ-ಚಿಂಚವಡಗಳ ಫ್ಲ್ಯಾಟುಗಳಲ್ಲಿ ಪುಣೆಯವರು ‘ಓಟಾ’ ಎಂದು ಕರೆಯುವ ಗ್ರಾನೈಟ್ ಕಟ್ಟೆ, ಅದರ ಕೆಳಗೆ ಸಾಲು ಟ್ರಾಲಿಗಳು, ಮೇಲೆ ಪ್ಲೈವುಡ್ ಕಪಾಟುಗಳು. ಒಂದಂಗುಲವೂ ವ್ಯರ್ಥವಾಗಬಾರದೆಂಬ ಹಟದಲ್ಲಿ ಒಲೆಯ ಇಕ್ಕೆಲಗಳನ್ನೂ ತುಂಬಿಬಿಡುವುದು ವಾಡಿಕೆ. ಒಲೆಯ ಸುತ್ತಲಿನ ಜಾಗ ವ್ಯರ್ಥವಲ್ಲ, ಅದು ಮನೆಯವರ ರಕ್ಷಣೆಗೆ ಅಗತ್ಯವಾದದ್ದು ಎಂಬುದನ್ನು ಮನಗಾಣಬೇಕು.

ಶಾಖದ ಹಾದಿ

ಬರ್ನರಿಗಿಂತ ಅಗಲವಾದ ಬಾಣಲೆಯನ್ನೋ ರೊಟ್ಟಿಯ ಹಂಚನ್ನೋ ಇಟ್ಟಾಗ ಜ್ವಾಲೆ ಅದರ ತಳಕ್ಕೆ ಬಡಿದು ಪಕ್ಕಕ್ಕೆ ಚಾಚುತ್ತದೆ. ಪಕ್ಕದಲ್ಲೇ ಕಪಾಟಿದ್ದರೆ ಅದರ ಮರ ದಿನದಿನವೂ ಕಾದು ಒಣಗಿ, ಸುಲಭವಾಗಿ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ಆದ್ದರಿಂದ ಬರ್ನರಿನ ಅಂಚಿಗೂ ಮರದ ಕಪಾಟಿಗೂ ನಡುವೆ ಕನಿಷ್ಠ ಒಂದು ಗೇಣು ಬಿಡುವುದು ಲೇಸು. ಪಾತ್ರೆಯ ಹಿಡಿಕೆಯನ್ನು ಒಳಮುಖವಾಗಿ ತಿರುಗಿಸಲೂ, ಕುದಿಯುವ ಸಾರನ್ನು ಇಳಿಸಿಡಲೂ ಆ ಜಾಗವೇ ಆಸರೆ.

ಒಲೆಯ ನೇರ ಮೇಲ್ಗಡೆ ಮರದ ಕಪಾಟು ಇರಬಾರದು. ಉಪ್ಪು, ಸಾಸಿವೆ, ಮಸಾಲೆ ಡಬ್ಬಿಗಳನ್ನು ಅಲ್ಲಿ ಇಟ್ಟರೆ ಉರಿಯುವ ಒಲೆಯ ಮೇಲೆ ಕೈಚಾಚಲೇಬೇಕಾಗುತ್ತದೆ. ಸೆರಗಿಗೆ ಬೆಂಕಿ ತಗಲುವುದು ಇಂಥ ಗಳಿಗೆಯಲ್ಲೇ. ವಿದ್ಯುತ್ ಚಿಮಣಿ ಹಾಕಿಸುವವರು ಅದಕ್ಕೂ ಒಲೆಗೂ ಸಾಮಾನ್ಯವಾಗಿ 26ರಿಂದ 30 ಅಂಗುಲ ಅಂತರವಿಡುತ್ತಾರೆ. ತಯಾರಕರ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಪಾಲಿಸಬೇಕು. ಕಿಟಕಿಯ ಕೆಳಗೇ ಒಲೆಯಿದ್ದರೆ ಪರದೆ ಬೇಡ. ಗಾಳಿಗೆ ಜ್ವಾಲೆ ಆರಿ, ಉರಿಯದ ಅನಿಲ ಹೊರಬೀಳುವ ಭಯವೂ ಅಲ್ಲಿದೆ.

ಕೆಳಗಿಳಿಯುವ ಅನಿಲ, ಮೇಲೇರುವ ಅನಿಲ

ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ದ್ರವರೂಪದಲ್ಲಿರುವ ಅದು ಹೊರಬಂದಾಗ ಸುಮಾರು 250 ಪಟ್ಟು ಹಿಗ್ಗಿ, ನೀರಿನಂತೆ ನೆಲದ ಮಟ್ಟದಲ್ಲಿ ಹರಡುತ್ತದೆ. ಹೀಗಾಗಿ 14.2 ಕಿಲೋ ಸಿಲಿಂಡರನ್ನು ಮುಚ್ಚಿದ ಕಪಾಟಿನಲ್ಲಿ ಬಂಧಿಸಿಡುವುದು ಅಪಾಯಕರ. ಕಪಾಟು ಅನಿವಾರ್ಯವಾದರೆ ಬಾಗಿಲಿನ ತಳಭಾಗದಲ್ಲಿ ಗಾಳಿಕಿಂಡಿಗಳಿರಲಿ. ಸಿಲಿಂಡರು ನೆಟ್ಟಗೆ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ರಬ್ಬರ್ ನಳಿಕೆ ಒಂದೂವರೆ ಮೀಟರಿಗಿಂತ ಉದ್ದವಿರದೆ, ಕಣ್ಣಿಗೆ ಕಾಣುವಂತಿರಲಿ. ಟ್ರಾಲಿಗಳ ಹಿಂದೆ ಅಡಗಿದ ನಳಿಕೆಯ ಬಿರುಕು ಯಾರಿಗೂ ತಿಳಿಯದು.

ಪುಣೆಯ ಅನೇಕ ವಸಾಹತುಗಳಿಗೆ ಈಗ ಕೊಳವೆಯ ಮೂಲಕ ನೈಸರ್ಗಿಕ ಅನಿಲ ಬರುತ್ತಿದೆ. ಇದರ ಗುಣ ತದ್ವಿರುದ್ಧ: ಗಾಳಿಗಿಂತ ಹಗುರವಾದ್ದರಿಂದ ಮೇಲೇರಿ ಛಾವಣಿಯ ಬಳಿ ಸೇರುತ್ತದೆ. ಸಿಲಿಂಡರಿಗೆ ಕೆಳಗಿನ ಗಾಳಿಕಿಂಡಿ ಎಷ್ಟು ಮುಖ್ಯವೋ ಇದಕ್ಕೆ ಮೇಲಿನ ಕಿಂಡಿ ಅಷ್ಟೇ ಮುಖ್ಯ. ಕೊಳವೆಯ ಕವಾಟವನ್ನು ಅಂದಕ್ಕಾಗಿ ಕಪಾಟಿನೊಳಗೆ ಮುಚ್ಚಿಸದೆ, ಒಡನೆ ಕೈಗೆಟುಕುವಂತೆ ಬಿಡಬೇಕು. ಹಳೆಯ ಒಲೆಯನ್ನು ಹೊಸ ಅನಿಲಕ್ಕೆ ಹೊಂದಿಸುವ ಕೆಲಸವನ್ನು ಅಧಿಕೃತ ತಂತ್ರಜ್ಞರಿಂದಲೇ ಮಾಡಿಸಬೇಕು.

ದೇವರ ದೀಪ

ಪ್ರತ್ಯೇಕ ದೇವರಮನೆಗೆ ಎಡೆಯಿಲ್ಲದ ಮನೆಗಳಲ್ಲಿ ಅಡುಗೆಮನೆಯ ಮೂಲೆಯೇ ದೇವರ ಸ್ಥಾನ. ಭಕ್ತಿಗೆ ಇದರಿಂದ ಕುಂದಿಲ್ಲ. ಆದರೆ ಸಿಲಿಂಡರಿನ ಬಳಿ ತಗ್ಗಿನಲ್ಲಿ ಉರಿಯುವ ನಂದಾದೀಪ, ಸೋರಿದ ಅನಿಲಕ್ಕೆ ಕಿಡಿಯಾಗಬಲ್ಲದು. ದೇವರ ಮಂಟಪವನ್ನು ಅಡುಗೆಮನೆಯ ಹೊರಗೆ, ಹಜಾರದ ಗೋಡೆಗೆ ಸರಿಸುವುದೇ ವಿವೇಕ.

ಆಪತ್ತು ಒದಗಿದಾಗ

ಅನಿಲದ ವಾಸನೆ ಬಂದೊಡನೆ ದೀಪ, ಪಂಖ, ಎಕ್ಸಾಸ್ಟ್ ಯಾವುದರ ಗುಂಡಿಯನ್ನೂ ಮುಟ್ಟಬಾರದು. ಗುಂಡಿಯ ಕಿಡಿಯೇ ಸ್ಫೋಟಕ್ಕೆ ಸಾಕು. ಉರಿಯುವ ಒಲೆ, ದೀಪಗಳನ್ನು ಆರಿಸಿ, ರೆಗ್ಯುಲೇಟರ್ ಅಥವಾ ಕವಾಟ ಮುಚ್ಚಿ, ಬಾಗಿಲು-ಕಿಟಕಿ ತೆರೆದು, ಎಲ್ಲರೂ ಹೊರಬರಬೇಕು. ಫೋನನ್ನು ಹೊರಗೆ ಬಂದ ಮೇಲೆಯೇ ಬಳಸಬೇಕು. ಸಿಲಿಂಡರ್ ಸೋರಿಕೆಗೆ 1906, ಬೆಂಕಿಗೆ 101. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಬಟ್ಟೆಗೆ ಬೆಂಕಿ ತಗಲಿದವರು ಓಡದೆ ನೆಲದಲ್ಲಿ ಹೊರಳಬೇಕು.

ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯುವುದು ಮೊದಲ ಚಿಕಿತ್ಸೆ. ಊತ ಬರುವ ಮುನ್ನ ಬಳೆ, ಉಂಗುರ ತೆಗೆಯಬೇಕು. ಮಂಜುಗಡ್ಡೆ, ಬೆಣ್ಣೆ, ಟೂತ್‌ಪೇಸ್ಟ್ ಸವರುವುದು ಸಲ್ಲದು. ಅಂಟಿದ ಬಟ್ಟೆಯನ್ನು ಕಿತ್ತೆಳೆಯಲೂಬಾರದು. ಶುಭ್ರವಾದ ಬಟ್ಟೆ ಹೊದಿಸಿ ಬೇಗನೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಹೊಸ ಫ್ಲ್ಯಾಟಿಗೆ ಕಪಾಟು ಕೂಡಿಸುವ ಬಡಗಿ, “ಈ ಸಂದಿನಲ್ಲೂ ಒಂದು ಖಾನೆ ಮಾಡಲೇ?” ಎಂದು ಕೇಳುವುದು ಸಹಜ. ಬೇಡವೆನ್ನುವ ಧೈರ್ಯ ಮನೆಯೊಡತಿಗಿರಲಿ, ಅದಕ್ಕೆ ಮನೆಯವರೆಲ್ಲರ ಒತ್ತಾಸೆಯಿರಲಿ. ಈಗಾಗಲೇ ಕಪಾಟು ಮಾಡಿಸಿದವರು ಮುಂದಿನ ದೀಪಾವಳಿಗೆ ಮನೆ ಶುಚಿಗೊಳಿಸುವಾಗ ಒಲೆಯ ನಾಲ್ಕೂ ಬದಿಗಳನ್ನು ಒಮ್ಮೆ ಅಳೆದು ನೋಡಲಿ. ತೆಗೆಯಬೇಕಾದ ಕಪಾಟು ಒಂದೋ ಎರಡೋ ಇದ್ದೀತು. ಅದು ಬಡಗಿಯ ಅರ್ಧ ದಿನದ ಕೆಲಸ.